ಎಕ್ಸ್‌ಎಮ್‌ಎಲ್ ಕಡತವನ್ನು ಲಿಸ್ಪ್ ಪಟ್ಟಿಯಾಗಿ ಓದುವಾಗ: ಯಾವ ಅಚ್ಚು ಯಾವ ಕೆಲಸಕ್ಕೆ

ಕಾಸರಗೋಡು ಜಿಲ್ಲೆಯಲ್ಲಿ ಒಂದು ಊರಿನ ಹೆಸರನ್ನು ಒಂದೇ ಬಗೆಯಲ್ಲಿ ಬರೆದು ಮುಗಿಸುವಂತಿಲ್ಲ. ಕನ್ನಡದ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ನಮ್ಮ ಕುಂಬಳೆ ಅಲ್ಲಿ ಕುಂಬಳ, ನಾವು ಹೊಸದುರ್ಗ ಎನ್ನುವ ಪೇಟೆಯ ರೈಲು ನಿಲ್ದಾಣಕ್ಕೆ ಹೆಸರು ಕಾಞಂಗಾಡ್. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೇಳಿಕೊಳ್ಳುವುದು ಸುಲಭ. ಆ ಭಾಷೆಗಳ ಪೈಕಿ ಎರಡನ್ನು ಮಾತ್ರ ಅಕ್ಕಪಕ್ಕ ಇಟ್ಟು ಊರ ಹೆಸರುಗಳ ಪಟ್ಟಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗಲೇ ಅದರ ತೊಡಕು ಅರಿವಾದದ್ದು. ಮೂಲ ಸಾಮಗ್ರಿ ಒಂದು ಎಕ್ಸ್‌ಎಮ್‌ಎಲ್ ಕಡತ, ಅಂದರೆ ಮಾಹಿತಿಯನ್ನು ಹೆಸರಿನ ಟ್ಯಾಗುಗಳ ನಡುವೆ ಇಟ್ಟು ಬರೆದ ಕಡತ; ನನಗೆ ಕೈ ಪಳಗಿದ್ದು ಪಟ್ಟಿಗಳೇ ಜೀವಾಳವಾದ ಪ್ರೋಗ್ರಾಮಿಂಗ್ ಭಾಷೆ ಲಿಸ್ಪ್. ಈ ಎರಡರ ನಡುವೆ ಬರುವ ಆಯ್ಕೆಗಳನ್ನು ಒಂದೊಂದಾಗಿ ಬಳಸಿ, ಕೆಲವನ್ನು ಬಿಟ್ಟು, ಕೆಲವಕ್ಕೆ ಮರಳಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಜಾನ್ ಮೆಕಾರ್ತಿ ಅವರಿಂದ. ಎಕ್ಸ್‌ಎಮ್‌ಎಲ್‌ನ ಮೊದಲ ಆವೃತ್ತಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದದ್ದು 1998ರ ಫೆಬ್ರವರಿಯಲ್ಲಿ. ನಡುವೆ ನಲವತ್ತು ವರ್ಷಗಳ ಅಂತರವಿದ್ದರೂ ಎರಡರ ಒಳಗಿನ ಕಟ್ಟು ಒಂದೇ: ಒಂದರೊಳಗೆ ಇನ್ನೊಂದು ಕೂತ ಗಂಟುಗಳ ಮರ. ಆದ್ದರಿಂದ ಲಿಸ್ಪ್ ಬಲ್ಲವರು ಎಕ್ಸ್‌ಎಮ್‌ಎಲ್ ಕಂಡ ಕೂಡಲೇ ‘ಇದು ಪಟ್ಟಿಯೇ ತಾನೆ’ ಎಂದು ಹಗುರಾಗಿ ತೆಗೆದುಕೊಳ್ಳುತ್ತಾರೆ. ಪಟ್ಟಿಯೇ ಹೌದು, ಆದರೆ ಯಾವ ಅಚ್ಚಿನ ಪಟ್ಟಿ, ಅಂದರೆ ಅದರಲ್ಲಿ ಯಾವುದು ಎಲ್ಲಿ ಕೂರುತ್ತದೆ ಎಂಬಲ್ಲಿ ಪ್ರತಿ ಪಾರ್ಸರಿನದೂ (ಕಡತ ಓದಿ ಪಟ್ಟಿ ಕಟ್ಟುವ ಪ್ರೋಗ್ರಾಮಿನದೂ) ಬೇರೆ ಬೇರೆ ದಾರಿ. ವೇಗ, ಜನಪ್ರಿಯತೆ, ದಸ್ತಾವೇಜಿನ ಗುಣಮಟ್ಟ ಇವೆಲ್ಲ ಆಮೇಲಿನ ಮಾತು. ಪಟ್ಟಿಯ ಎರಡನೆಯ ಸ್ಥಾನದಲ್ಲಿ ಏನು ಕೂರುತ್ತದೆ, ಅದು ಯಾವಾಗಲೂ ಅಲ್ಲಿಯೇ ಕೂರುತ್ತದೆಯೇ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ ನಮ್ಮ ಕಡತದ ಒಂದು ತುಣುಕು ಹೀಗಿದೆ:

<ಊರು ಪಿನ್="671121">
  <ಹೆಸರು ಭಾಷೆ="ಕನ್ನಡ">ಕಾಸರಗೋಡು</ಹೆಸರು>
  <ಹೆಸರು ಭಾಷೆ="ಮಲಯಾಳ">ಕಾಸರ್‌ಗೋಡ್</ಹೆಸರು>
  <ತಾಲೂಕು>ಕಾಸರಗೋಡು</ತಾಲೂಕು>
  <ಟಿಪ್ಪಣಿ/>
</ಊರು>

ಟ್ಯಾಗುಗಳು ಕನ್ನಡದಲ್ಲಿರುವುದನ್ನು ಕಂಡು ಯಾರೂ ಬೆರಗಾಗಬೇಕಿಲ್ಲ. ಎಕ್ಸ್‌ಎಮ್‌ಎಲ್‌ನ ನಿಯಮ ಅದಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟಿದೆ. ಲಿಸ್ಪ್‌ನ ಒಂದು ಕವಲಾದ ಕಾಮನ್ ಲಿಸ್ಪ್ ಬಳಸುವವರಿಗೆ ಇದರಿಂದ ಒಂದು ಲಾಭವೂ ಉಂಟು. ಅಲ್ಲಿ ಪ್ರೋಗ್ರಾಮಿನಲ್ಲಿ ಬರೆದ ರೋಮನ್ ಸಂಕೇತನಾಮಗಳನ್ನು (ಉದ್ಧರಣ ಚಿಹ್ನೆಯಿಲ್ಲದೆ ಬರೆವ ಹೆಸರುಗಳನ್ನು) ಭಾಷೆಯ ಓದುವ ಭಾಗ ತಾನಾಗಿ ದೊಡ್ಡಕ್ಷರಕ್ಕೆ ತಿರುಗಿಸುತ್ತದೆ, ಎಕ್ಸ್‌ಎಮ್‌ಎಲ್ ಮಾತ್ರ ಸಣ್ಣಕ್ಷರ ದೊಡ್ಡಕ್ಷರಗಳನ್ನು ಬೇರೆಬೇರೆಯಾಗಿಯೇ ಕಾಣುತ್ತದೆ. ಹೊಸಬರು ಎಡವುವ ಜಾಗ ಅದು. ಕನ್ನಡ ಲಿಪಿಯಲ್ಲಿ ಆ ಭೇದವೇ ಇಲ್ಲ. ಇಲ್ಲಿ ಮುಂದೆ ಬರುವ ಫಂಕ್ಷನ್‌ಗಳ ಹೆಸರನ್ನೂ ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಗಣಕಕ್ಕೆ ಕೊಡುವಾಗ ಅವುಗಳ ರೋಮನ್ ರೂಪವನ್ನೇ ಬಳಸಬೇಕು.

ನಾಲ್ಕು ಅಚ್ಚುಗಳು

ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗಿನ ಲಿಸ್ಪ್‌ನಲ್ಲಿ ಮೇಲಿನ ತುಣುಕು ಹೀಗೆ ಬರುತ್ತದೆ:

(ಊರು ((ಪಿನ್ . "671121"))
  (ಹೆಸರು ((ಭಾಷೆ . "ಕನ್ನಡ")) "ಕಾಸರಗೋಡು")
  (ಹೆಸರು ((ಭಾಷೆ . "ಮಲಯಾಳ")) "ಕಾಸರ್‌ಗೋಡ್")
  (ತಾಲೂಕು ನಿಲ್ "ಕಾಸರಗೋಡು")
  (ಟಿಪ್ಪಣಿ ನಿಲ್))

ಮೊದಲನೆಯದು ಟ್ಯಾಗು, ಎರಡನೆಯದು ಗುಣಗಳ (ಟ್ಯಾಗಿನೊಳಗೇ ಬರೆದ ಪಿನ್, ಭಾಷೆಯಂಥವುಗಳ) ಪಟ್ಟಿ, ಮೂರನೆಯದರಿಂದ ಮುಂದೆ ಮಕ್ಕಳು, ಅಂದರೆ ಒಳಗಿನ ಗಂಟುಗಳು ಮತ್ತು ಪಠ್ಯ. ಗುಣಗಳೇ ಇಲ್ಲದಿದ್ದರೆ ಆ ಜಾಗ ‘ನಿಲ್’ ಎಂದು ಬರಿದಾಗಿ ಉಳಿಯುತ್ತದೆಯೇ ಹೊರತು ಅಳಿದುಹೋಗುವುದಿಲ್ಲ. ಕಾಮನ್ ಲಿಸ್ಪ್‌ನ ಎಕ್ಸ್‌ಎಮ್‌ಎಲ್‌ಎಸ್ ಲೈಬ್ರರಿಯ ಪಟ್ಟಿಯೂ ಇದೇ ಕುಲದ್ದು. ಟ್ಯಾಗು ಸಂಕೇತನಾಮವಾಗಿರದೆ ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಪಠ್ಯ) ಆಗಿರುತ್ತದೆ, ಗುಣವು ಚುಕ್ಕಿಯ ಜೋಡಿಯಾಗಿರದೆ ಎರಡಂಶದ ಪಟ್ಟಿಯಾಗಿರುತ್ತದೆ ಎಂಬಷ್ಟೇ ವ್ಯತ್ಯಾಸ: ("ಊರು" (("ಪಿನ್" "671121")) …). ಆ ಲೈಬ್ರರಿಯ ಹೊಸ ಆವೃತ್ತಿಗಳು ತಾವಾಗಿ ಪಟ್ಟಿಯ ಬದಲು ಸ್ಟ್ರಕ್ಟ್‌ಗಳನ್ನು (ಹೆಸರಿಟ್ಟ ಭಾಗಗಳ ಕಟ್ಟುಗಳನ್ನು) ಕೊಡುತ್ತವೆ, ಪಟ್ಟಿಯೇ ಬೇಕೆನ್ನುವವರಿಗೆ ಬೇರೆ ಫಂಕ್ಷನ್ ಇದೆ. ಹಳೆಯ ಪಾಠಗಳನ್ನು ನೋಡಿ ಬರೆದ ಪ್ರೋಗ್ರಾಮು ಓಡದಿದ್ದರೆ ಕಾರಣವನ್ನು ಮೊದಲು ಇಲ್ಲಿ ಹುಡುಕಬೇಕು.

ಲಿಸ್ಪ್‌ನ ಇನ್ನೊಂದು ಕವಲಾದ ಸ್ಕೀಮ್ ಬಳಗದಲ್ಲಿ ನೆಲೆಯೂರಿರುವುದು ಒಲೆಗ್ ಕಿಸೆಲ್ಯೋವ್ ರೂಪಿಸಿದ ಎಸ್‌ಎಕ್ಸ್‌ಎಮ್‌ಎಲ್. ಅದರ ರೂಪ ಇದು:

(ಊರು (@ (ಪಿನ್ "671121"))
  (ಹೆಸರು (@ (ಭಾಷೆ "ಕನ್ನಡ")) "ಕಾಸರಗೋಡು")
  (ಹೆಸರು (@ (ಭಾಷೆ "ಮಲಯಾಳ")) "ಕಾಸರ್‌ಗೋಡ್")
  (ತಾಲೂಕು "ಕಾಸರಗೋಡು")
  (ಟಿಪ್ಪಣಿ))

ಕಣ್ಣಿಗೆ ಇದು ಎಲ್ಲಕ್ಕಿಂತ ಚಂದ. ಆದರೆ ತಾಲೂಕಿನ ಸಾಲನ್ನು ಗಮನಿಸಬೇಕು: ಗುಣವಿಲ್ಲದ ಕಾರಣ ಎರಡನೆಯ ಸ್ಥಾನಕ್ಕೆ ಪಠ್ಯವೇ ಬಂದು ಕೂತಿದೆ. ಎರಡನೆಯದನ್ನು ಎಣಿಸಿ ತೆಗೆಯುವ ಪ್ರೋಗ್ರಾಮಿಗೆ ಒಮ್ಮೆ ಗುಣಗಳ ಪಟ್ಟಿ ಸಿಗುತ್ತದೆ, ಇನ್ನೊಮ್ಮೆ ಊರಿನ ಹೆಸರು ಸಿಗುತ್ತದೆ, ಖಾಲಿ ಟಿಪ್ಪಣಿಯಲ್ಲಿ ಏನೂ ಸಿಗುವುದಿಲ್ಲ. ಎಸ್‌ಎಕ್ಸ್‌ಎಮ್‌ಎಲ್ ಆರಿಸಿಕೊಂಡವರು ಬೆರಳು ಮಡಚಿ ಎಣಿಸುವ ಅಭ್ಯಾಸವನ್ನು ಬಿಟ್ಟು, ಅದರೊಂದಿಗೇ ಬರುವ, ಟ್ಯಾಗುಗಳ ದಾರಿ ಹೇಳಿ ಗಂಟನ್ನು ಹೆಕ್ಕುವ ಎಸ್‌ಎಕ್ಸ್‌ಪಾತ್‌ನಂತಹ ಉಪಕರಣಗಳ ಮೂಲಕವೇ ಒಳಹೊಗಬೇಕು.

ನಾಲ್ಕನೆಯದು ಎಲ್‌ಎಕ್ಸ್‌ಎಮ್‌ಎಲ್, ಕಾಮನ್ ಲಿಸ್ಪ್‌ನ ಎಸ್-ಎಕ್ಸ್‌ಎಮ್‌ಎಲ್ ಲೈಬ್ರರಿ ಇದನ್ನು ಕೊಡುತ್ತದೆ. ಗುಣ ಮತ್ತು ಮಕ್ಕಳು ಎರಡೂ ಇಲ್ಲದ ಟಿಪ್ಪಣಿ ಇಲ್ಲಿ ಬರಿಯ :ಟಿಪ್ಪಣಿ ಎಂಬ ಸಂಕೇತನಾಮ; ಗುಣವಿಲ್ಲದ ತಾಲೂಕು (:ತಾಲೂಕು "ಕಾಸರಗೋಡು"); ಗುಣವಿರುವ ಹೆಸರು ((:ಹೆಸರು :ಭಾಷೆ "ಕನ್ನಡ") "ಕಾಸರಗೋಡು"). ಅಂದರೆ ಒಂದೇ ಕಡತದ ಗಂಟುಗಳಿಗೆ ಮೂರು ರೂಪಗಳು. ಕೈಯಲ್ಲಿ ಬರೆಯುವವರಿಗೆ ಇದು ಮಿತವ್ಯಯ, ಪ್ರೋಗ್ರಾಮಿನಿಂದ ಓದುವವರಿಗೆ ಪ್ರತಿ ಹೆಜ್ಜೆಗೂ ಮೂರು ಪ್ರಶ್ನೆ. ಯಾವಾಗಲೂ ಗುಣಗಳಿರುವ, ಪಠ್ಯವೇ ಇಲ್ಲದ ದತ್ತಾಂಶಕ್ಕೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕಡತ ಅಂಥದ್ದು: ಅಲ್ಲಿ ಊರಿನ ಕನ್ನಡ ಹೆಸರು, ಮಲಯಾಳ ಹೆಸರು ಎಲ್ಲವೂ ಗುಣಗಳಾಗಿಯೇ ಇರುತ್ತವೆ, ಟ್ಯಾಗುಗಳ ನಡುವೆ ಪಠ್ಯವಿರುವುದಿಲ್ಲ.

ರ‍್ಯಾಕೆಟ್‌ನ ಎಕ್ಸ್-ಎಕ್ಸ್‌ಪ್ರೆಷನ್ ಈ ನಾಲ್ಕರ ನಡುವೆ ಎಲ್ಲೋ ನಿಲ್ಲುತ್ತದೆ. ಕಡತದಿಂದ ಓದಿದಾಗ ಗುಣಗಳ ಜಾಗ ಖಾಲಿಯಾಗಿಯಾದರೂ ಇರುತ್ತದೆ, ಕೈಯಲ್ಲಿ ಬರೆದಾಗ ಅದನ್ನು ಬಿಡಬಹುದು. ಲಿಸ್ಪ್ ಕುಲದ್ದೇ ಆದ ಇನ್ನೊಂದು ಭಾಷೆ ಕ್ಲೋಜರ್ ಪಟ್ಟಿಯನ್ನೇ ಕೈಬಿಟ್ಟು ಟ್ಯಾಗು, ಗುಣ, ಒಳಪಠ್ಯ ಎಂಬ ಮೂರು ಕೀಲಿಗಳ ಮ್ಯಾಪ್ ಕೊಡುತ್ತದೆ. ಸ್ಥಾನ ಎಣಿಸುವ ತಂಟೆಯೇ ಅಲ್ಲಿ ಇಲ್ಲದಿರುವುದರಿಂದ ಈ ಬರಹದ ಬಹುಪಾಲು ಕ್ಲೋಜರ್ ಬಳಸುವವರಿಗೆ ಬೇಕಾಗದು.

ಒಂದೇ ಟ್ಯಾಗು ಎರಡು ಬಾರಿ ಬಂದಾಗ

ನಾನು ಮೊದಲು ಬರೆದ ಪ್ರೋಗ್ರಾಮು ಇಮ್ಯಾಕ್ಸ್‌ನಲ್ಲಿತ್ತು. ಮಕ್ಕಳ ಪಟ್ಟಿ ಹೇಗೂ ಕೀಲಿ-ಮೌಲ್ಯದ ಪಟ್ಟಿಯ ಹಾಗೆ ಕಾಣುತ್ತದೆ, ಆದ್ದರಿಂದ ಕೀಲಿ ಹಿಡಿದು ಹುಡುಕುವ ‘ಅಸ್ಕ್ಯೂ’ ಹಾಕಿ ‘ಹೆಸರು’ ಎಂಬ ಟ್ಯಾಗನ್ನು ಹುಡುಕಿದರೆ ಮುಗಿಯಿತು ಎಂದುಕೊಂಡೆ. ಓಡಿಸಿದಾಗ ಕನ್ನಡದ ಅಂಕಣ ತುಂಬಿ ಬಂತು, ಮಲಯಾಳದ ಅಂಕಣ ಉದ್ದಕ್ಕೂ ಖಾಲಿ. ಕಡತ ಮಾಡಿಕೊಟ್ಟವರು ಅರ್ಧ ಕೆಲಸ ಮಾಡಿ ಕೈತೊಳೆದುಕೊಂಡಿದ್ದಾರೆಂದು ಬಗೆದು ಫೋನು ಮಾಡಿಯೂ ಬಿಟ್ಟೆ. ತಪ್ಪು ನನ್ನದೇ ಆಗಿತ್ತು. ಆ ಬಗೆಯ ಹುಡುಕಾಟ ಮೊದಲು ಸಿಕ್ಕಿದ್ದನ್ನು ಹಿಡಿದು ನಿಂತುಬಿಡುತ್ತದೆ. ಎರಡನೆಯ ‘ಹೆಸರು’ ಪಟ್ಟಿಯಲ್ಲಿದ್ದೂ ಇಲ್ಲದಂತಾಗುತ್ತದೆ. ಒಂದು ಊರಿಗೆ ಒಂದೇ ಹೆಸರಿರುವ ಜಿಲ್ಲೆಯಲ್ಲಿದ್ದಿದ್ದರೆ ಈ ದೋಷ ವರ್ಷಗಟ್ಟಲೆ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ.

ಅದೇ ಪ್ರೋಗ್ರಾಮನ್ನು ಕಾಮನ್ ಲಿಸ್ಪ್‌ಗೆ ಒಯ್ದಾಗ ಇನ್ನೊಂದು ಅಡ್ಡಿ ಎದುರಾಯಿತು. ಟ್ಯಾಗುಗಳ ನಡುವೆ ಸಾಲು ಬಿಟ್ಟು ಬರೆದ ಖಾಲಿ ಜಾಗವೂ ಪಠ್ಯವೇ ಎಂದು ಎಣಿಸುವ ಪಾರ್ಸರಿನಲ್ಲಿ ಮಕ್ಕಳ ಪಟ್ಟಿಯ ಮೊದಲ ಅಂಶವೇ ಹೊಸ ಸಾಲು ಮತ್ತು ಎರಡು ಖಾಲಿ ಅಕ್ಷರಗಳ ಸ್ಟ್ರಿಂಗ್ ಆಗಿರುತ್ತದೆ. ಇಮ್ಯಾಕ್ಸ್‌ನ ‘ಅಸ್ಕ್ಯೂ’ ಜೋಡಿಯಲ್ಲದ ಅಂಶಗಳನ್ನು ಸದ್ದಿಲ್ಲದೆ ದಾಟಿಹೋಗುತ್ತದೆ. ಅದೇ ಕೆಲಸದ ಕಾಮನ್ ಲಿಸ್ಪ್ ಫಂಕ್ಷನ್ ‘ಅಸೋಕ್’ ಅಲ್ಲಿಯೇ ತಕರಾರು ತೆಗೆದು ನಿಲ್ಲುತ್ತದೆ. ನನಗೆ ಎರಡನೆಯ ನಡವಳಿಕೆಯೇ ಹೆಚ್ಚು ಪ್ರಾಮಾಣಿಕವಾಗಿ ಕಂಡಿತು, ಏಕೆಂದರೆ ಮರವನ್ನು ಕೀಲಿ-ಮೌಲ್ಯದ ಪಟ್ಟಿಯೆಂದು ಭ್ರಮಿಸಿದ್ದನ್ನು ಅದು ಮೊದಲ ಸಾಲಿನಲ್ಲೇ ತೋರಿಸಿಕೊಡುತ್ತದೆ.

ಪರಿಹಾರ ದೊಡ್ಡದೇನಲ್ಲ. ಪಟ್ಟಿಯ ಅಚ್ಚಿನ ಜ್ಞಾನವನ್ನೆಲ್ಲ ಎರಡು ಮೂರು ಪುಟ್ಟ ಫಂಕ್ಷನ್‌ಗಳೊಳಗೆ ಇಟ್ಟು, ಉಳಿದ ಪ್ರೋಗ್ರಾಮು ಅವುಗಳ ಮೂಲಕವೇ ಮಾತಾಡುವಂತೆ ಮಾಡಿದರೆ ಸಾಕು:

(ಡಿಫನ್ ಮಕ್ಕಳು (ಗಂಟು ಟ್ಯಾಗು)
  (ರಿಮೂವ್-ಇಫ್-ನಾಟ್
    (ಲ್ಯಾಂಬ್ಡಾ (ಕೂಸು)
      (ಅಂಡ್ (ಕಾನ್ಸ್‌ಪಿ ಕೂಸು)
           (ಈಕ್ವಲ್ (ಕಾರ್ ಕೂಸು) ಟ್ಯಾಗು)))
    (ಕುಡರ್ (ಕುಡರ್ ಗಂಟು))))

ಇದು ಆ ಟ್ಯಾಗಿನ ಎಲ್ಲ ಮಕ್ಕಳನ್ನೂ ಕೊಡುತ್ತದೆ, ನಡುವಿನ ಸ್ಟ್ರಿಂಗುಗಳನ್ನು ಬಿಡುತ್ತದೆ. ಕೊನೆಯ ಸಾಲಿನಲ್ಲಿ ಎರಡು ಬಾರಿ ‘ಕುಡರ್’ (ಮೊದಲ ಅಂಶ ಬಿಟ್ಟು ಉಳಿದ ಪಟ್ಟಿಯನ್ನು ಕೊಡುವ ಫಂಕ್ಷನ್) ಹಾಕುವ ಧೈರ್ಯ ಬಂದದ್ದು ಎರಡನೆಯ ಸ್ಥಾನದಲ್ಲಿ ಗುಣಗಳ ಪಟ್ಟಿ ಖಂಡಿತ ಇರುತ್ತದೆಂಬ ಭರವಸೆಯಿಂದ. ಎಸ್‌ಎಕ್ಸ್‌ಎಮ್‌ಎಲ್‌ಗೆ ಇದೇ ಫಂಕ್ಷನ್ ಹಾಕಿದರೆ ಗುಣವಿಲ್ಲದ ಗಂಟಿನ ಮೊದಲ ಕೂಸು ಕಾಣೆಯಾಗುತ್ತದೆ, ದೂರು ಕೊಡುವವರೂ ಯಾರೂ ಇರುವುದಿಲ್ಲ. ಇಮ್ಯಾಕ್ಸ್‌ನಲ್ಲಿ ಇಂಥವನ್ನು ಕೈಯಾರೆ ಬರೆಯುವ ಅಗತ್ಯವೂ ಇಲ್ಲ. 2016ರಲ್ಲಿ ಬಂದ 25.1ನೆಯ ಆವೃತ್ತಿಯಿಂದ ಡಾಮ್ ಎಂಬ ಕಟ್ಟು ಜೊತೆಗೇ ಬರುತ್ತದೆ, ಟ್ಯಾಗಿನ ಹೆಸರಿನಿಂದ ಹುಡುಕುವುದು, ಗುಣ ಓದುವುದು, ಪಠ್ಯ ಒಟ್ಟುಗೂಡಿಸುವುದು ಎಲ್ಲವೂ ಅದರಲ್ಲಿವೆ.

ದಾರಿ ಹೇಳುವುದೋ, ಮಾದರಿ ತೋರಿಸುವುದೋ

ಸ್ಕೀಮ್ ಕಡೆಗೆ ಒಲವಿದ್ದವರಿಗೆ ಅದರ ಒಂದು ಅಳವಡಿಕೆಯಾದ ಗೈಲ್ ಅನುಕೂಲಕರ. ಪಾರ್ಸರು, ಎಸ್‌ಎಕ್ಸ್‌ಪಾತ್, ಮಾದರಿ ಹೊಂದಿಸುವ ಎಸ್‌ಎಕ್ಸ್‌ಎಮ್‌ಎಲ್-ಮ್ಯಾಚ್, ಮರವನ್ನು ಮಾರ್ಪಡಿಸುವ ಫಂಕ್ಷನ್‌ಗಳು ಎಲ್ಲವೂ ಭಾಷೆಯೊಂದಿಗೇ ಬರುತ್ತವೆ, ಬೇರೆ ಲೈಬ್ರರಿ ಹುಡುಕಿ ಅಲೆಯಬೇಕಿಲ್ಲ. ಓದುವಾಗ ಖಾಲಿ ಜಾಗವನ್ನು ಕತ್ತರಿಸುವ ಆಯ್ಕೆಯನ್ನು ಮಾತ್ರ ಮರೆಯದೆ ಕೊಡಬೇಕು. ಎಸ್‌ಎಕ್ಸ್‌ಪಾತ್‌ನಲ್ಲಿ ‘(// ಊರು ಹೆಸರು)’ ಎಂದು ಬರೆದರೆ ಎಷ್ಟೇ ಆಳದಲ್ಲಿದ್ದರೂ ಎಲ್ಲ ಊರುಗಳ ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿ ಬಂದು ನಿಲ್ಲುತ್ತವೆ. ಹುಡುಕಿ ಹೆಕ್ಕುವ ಕೆಲಸಕ್ಕೆ ಇದಕ್ಕಿಂತ ಚಿಕ್ಕ ಬರವಣಿಗೆ ನನಗೆ ಗೊತ್ತಿಲ್ಲ. ಆದರೆ ಹೆಸರುಗಳು ಬಂದ ಮೇಲೆ ಯಾವ ಹೆಸರು ಯಾವ ಊರಿನದೆಂಬ ನಂಟು ಕಡಿದಿರುತ್ತದೆ. ಕನ್ನಡ ಮತ್ತು ಮಲಯಾಳದ ಹೆಸರುಗಳನ್ನು ಒಂದೇ ಸಾಲಿನಲ್ಲಿ ಇಡಬೇಕಾದ ನನ್ನಂಥವರು ಮೊದಲು ಊರುಗಳನ್ನು ಹೆಕ್ಕಿ, ಆಮೇಲೆ ಪ್ರತಿ ಊರಿನೊಳಗೆ ಹೆಸರುಗಳನ್ನು ಹೆಕ್ಕಬೇಕು.

ಕಡತದ ರಚನೆ ಕಟ್ಟುನಿಟ್ಟಾಗಿದ್ದರೆ ಮಾದರಿ ಹೊಂದಿಸುವುದು ಒಳ್ಳೆಯದು. ಗುಣವೂ ಪಠ್ಯವೂ ಒಮ್ಮೆಗೇ ಕೈಗೆ ಬರುತ್ತವೆ, ಹೊಂದದ ಗಂಟು ಬಂದರೆ ತಿಳಿದುಬಿಡುತ್ತದೆ. ಇಮ್ಯಾಕ್ಸ್‌ನಲ್ಲಿ ಪಿಕೇಸ್, ರ‍್ಯಾಕೆಟ್‌ನಲ್ಲಿ ಮ್ಯಾಚ್, ಕಾಮನ್ ಲಿಸ್ಪ್‌ನಲ್ಲಿ ಟ್ರಿವಿಯಾ ಎಂಬ ಲೈಬ್ರರಿ ಈ ಕೆಲಸಕ್ಕೆ ಇವೆ. ಒಂದು ಎಚ್ಚರ: ಎಕ್ಸ್‌ಎಮ್‌ಎಲ್‌ನಲ್ಲಿ ಗುಣಗಳ ಕ್ರಮಕ್ಕೆ ಅರ್ಥವಿಲ್ಲ. ಪಟ್ಟಿಯ ಮಾದರಿಯಲ್ಲಿ ಭಾಷೆ ಮೊದಲು, ಲಿಪಿ ಆಮೇಲೆ ಎಂದು ಬರೆದಿಟ್ಟರೆ, ತಿರುಗಮುರುಗವಾಗಿ ಬರೆದ ಸಾಲು ಸರಿಯಾಗಿದ್ದರೂ ಹೊಂದುವುದಿಲ್ಲ. ಎಸ್‌ಎಕ್ಸ್‌ಎಮ್‌ಎಲ್-ಮ್ಯಾಚ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಸಾಮಾನ್ಯ ಪಟ್ಟಿಗಾಗಿ ಮಾಡಿದ ಉಪಕರಣಗಳು ನೋಡಿಕೊಳ್ಳುವುದಿಲ್ಲ.

ನೇಮ್‌ಸ್ಪೇಸ್, ಅಂದರೆ ಟ್ಯಾಗು ಯಾವ ಪದಕೋಶದ್ದೆಂದು ಹೇಳುವ ವಿಳಾಸ, ಇರುವ ಕಡತಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನಕಾಶೆಯ ಕೆಎಮ್‌ಎಲ್, ಜಿಪಿಎಕ್ಸ್ ಕಡತಗಳನ್ನು ಓದುವವರಿಗೆ ಇದು ಎದುರಾಗುತ್ತದೆ. ಎಸ್‌ಎಕ್ಸ್‌ಎಮ್‌ಎಲ್ ಇಡೀ ವಿಳಾಸವನ್ನು ಟ್ಯಾಗಿನ ಹೆಸರಿಗೆ ಅಂಟಿಸುತ್ತದೆ, ಬೇಕಿದ್ದರೆ ನಾವು ಅದಕ್ಕೊಂದು ಚಿಕ್ಕ ಹೆಸರು ಕೊಡಬಹುದು. ಎಕ್ಸ್‌ಎಮ್‌ಎಲ್‌ಎಸ್‌ನಲ್ಲಿ ಸ್ಟ್ರಿಂಗಿನ ಬದಲು ಹೆಸರು-ವಿಳಾಸಗಳ ಜೋಡಿ ಬರುತ್ತದೆ, ಆದ್ದರಿಂದ ಬರಿಯ ಹೆಸರಿನೊಂದಿಗೆ ಹೋಲಿಸುವ ಪ್ರೋಗ್ರಾಮು ಸುಮ್ಮನೆ ಏನನ್ನೂ ಕಾಣದೆ ಮರಳುತ್ತದೆ. ಇಮ್ಯಾಕ್ಸ್‌ನ ಲಿಬ್‌ಎಕ್ಸ್‌ಎಮ್‌ಎಲ್ ಆಧಾರದ ಪಾರ್ಸರು ಮುಂಪದವನ್ನು ಕಿತ್ತು ಉಳಿದ ಹೆಸರನ್ನಷ್ಟೇ ಇಡುತ್ತದೆ. ಸಣ್ಣ ಕೆಲಸಕ್ಕೆ ಅದೇ ಹಿತ, ಎರಡು ನೇಮ್‌ಸ್ಪೇಸ್ ಬೆರೆತ ಕಡತಕ್ಕೆ ಅದೇ ಅಪಾಯ.

ಕಡತ ದೊಡ್ಡದಾದರೆ

ಪಟ್ಟಿ ಎಷ್ಟು ಜಾಗ ತಿನ್ನುತ್ತದೆಂಬುದನ್ನು ಒಂದು ಸಾಲಿನಲ್ಲೇ ಲೆಕ್ಕ ಹಾಕಿ ನೋಡಬಹುದು. <ಹೆಸರು ಭಾಷೆ="ಕನ್ನಡ">ಕಾಸರಗೋಡು</ಹೆಸರು> ಎಂಬ ಸಾಲು ಯುಟಿಎಫ್-8ರಲ್ಲಿ 90 ಬೈಟು, ಏಕೆಂದರೆ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ (ಅಕ್ಷರಕ್ಕೆ ಒಂದು, ಅದರ ಸ್ವರಚಿಹ್ನೆಗೆ ಬೇರೆ) ಅದರಲ್ಲಿ 3 ಬೈಟು ಬೇಕು. ಕಾಮನ್ ಲಿಸ್ಪ್‌ನ ಅಳವಡಿಕೆಯಾದ 64 ಬಿಟ್‌ನ ಎಸ್‌ಬಿಸಿಎಲ್‌ನಲ್ಲಿ ಒಂದು ಕಾನ್ಸ್ ಕೋಶಕ್ಕೆ, ಅಂದರೆ ಪಟ್ಟಿಯ ಒಂದು ಕೊಂಡಿಗೆ, 16 ಬೈಟು. ಎಕ್ಸ್‌ಎಮ್‌ಎಲ್‌ಎಸ್ ಅಚ್ಚಿನಲ್ಲಿ ಈ ಗಂಟಿಗೆ ಟ್ಯಾಗು, ಗುಣಗಳು, ಪಠ್ಯ ಎಂದು 3 ಕೋಶ, ಗುಣಗಳ ಪಟ್ಟಿಗೆ 1, ಅದರೊಳಗಿನ ಜೋಡಿಗೆ 2, ತಾಯಿಗಂಟಿನ ಪಟ್ಟಿಯಲ್ಲಿ ಸೇರಲು 1, ಒಟ್ಟು 7 ಕೋಶ, ಅಂದರೆ 112 ಬೈಟು. ಎಸ್‌ಎಕ್ಸ್‌ಎಮ್‌ಎಲ್ ಅಚ್ಚಾದರೆ @ ಗುರುತಿನ ಕೋಶವೂ ಸೇರಿ 8, ಇಮ್ಯಾಕ್ಸ್‌ನ ಚುಕ್ಕಿಜೋಡಿಯಾದರೆ 6. ಇದರಲ್ಲಿ ಒಂದು ಅಕ್ಷರವೂ ಇನ್ನೂ ಸೇರಿಲ್ಲ. ಎಸ್‌ಬಿಸಿಎಲ್ ಯೂನಿಕೋಡ್ ಸ್ಟ್ರಿಂಗಿನಲ್ಲಿ ಪ್ರತಿ ಸಂಕೇತಕ್ಕೆ 4 ಬೈಟು ಇಡುತ್ತದೆ, ‘ಕಾಸರಗೋಡು’ ಎಂಬುದರ ಎಂಟು ಸಂಕೇತಗಳಿಗೆ ಸ್ಟ್ರಿಂಗಿನ ತಲೆಭಾಗಕ್ಕೆ ಬೇಕಾದ ಜಾಗವನ್ನು ಬಿಟ್ಟೇ 32 ಬೈಟು ಆಯಿತು. ಟ್ಯಾಗನ್ನು ಸಂಕೇತನಾಮವಾಗಿ ಇಡುವ ಅಚ್ಚಿನಲ್ಲಿ ‘ಹೆಸರು’ ಎಂಬುದು ಒಮ್ಮೆ ಮಾತ್ರ ಇರುತ್ತದೆ ಎಂಬುದೊಂದು ಉಳಿತಾಯ.

ಒಂದು ಜಿಲ್ಲೆಯ ಊರ ಹೆಸರುಗಳಿಗೆ ಈ ಲೆಕ್ಕ ಯಾರಿಗೂ ಭಾರವಲ್ಲ. ಒಂದು ರಾಜ್ಯದ ನಕಾಶೆಯ ಕಡತವನ್ನು ಇಡಿಯಾಗಿ ಪಟ್ಟಿ ಮಾಡಹೊರಟರೆ ಮಾತ್ರ ಗಣಕ ಏದುಸಿರು ಬಿಡುತ್ತದೆ. ಅಂಥಲ್ಲಿ ಕಾಮನ್ ಲಿಸ್ಪ್‌ನ ಸಿಎಕ್ಸ್‌ಎಮ್‌ಎಲ್ ಲೈಬ್ರರಿ ಉಪಯುಕ್ತ: ಅದರ ಕ್ಲ್ಯಾಕ್ಸ್ ಎಂಬ ಭಾಗದಿಂದ ಕಡತವನ್ನು ಮುಂದೆ ಮುಂದೆ ಓದುತ್ತಾ, ಬೇಕಾದ ಟ್ಯಾಗು ಬಂದಾಗ ಆ ಒಂದು ಗಂಟನ್ನು ಮಾತ್ರ ಎಕ್ಸ್‌ಎಮ್‌ಎಲ್‌ಎಸ್ ಅಚ್ಚಿನ ಪಟ್ಟಿಯಾಗಿ ಮಾಡಿಸಿಕೊಂಡು, ಕೆಲಸ ಮುಗಿಸಿ ಕೈಬಿಡಬಹುದು. ಇಡೀ ಮರ ಬೇಡ, ಒಂದೊಂದೇ ಕೊಂಬೆ ಸಾಕೆನ್ನುವ ಈ ದಾರಿಯಲ್ಲಿ ಮೇಲೆ ಬರೆದ ‘ಮಕ್ಕಳು’ ಫಂಕ್ಷನ್ ಒಂದಕ್ಷರವೂ ಬದಲಾಗದೆ ಕೆಲಸ ಮಾಡುತ್ತದೆ.

ಎರಡು ‘ಗೋ’ಗಳ ಕಥೆ

ಕನ್ನಡದ ದತ್ತಾಂಶಕ್ಕೆಂದೇ ಇರುವ ಒಂದು ತೊಡಕನ್ನು ಯಾವ ಅಚ್ಚೂ ನಿವಾರಿಸುವುದಿಲ್ಲ. ಹೆಸರು ಮತ್ತು ತಾಲೂಕು ಎರಡೂ ‘ಕಾಸರಗೋಡು’ ಆಗಿರುವ ಊರುಗಳನ್ನು ಆರಿಸುವ ಸಾಲೊಂದನ್ನು ಬರೆದಿದ್ದೆ. ತೆರೆಯ ಮೇಲೆ ಎರಡೂ ಪದಗಳು ಅಕ್ಷರಕ್ಕೆ ಅಕ್ಷರ ಒಂದೇ, ‘ಈಕ್ವಲ್’ ಮಾತ್ರ ಇಲ್ಲವೆನ್ನುತ್ತಿತ್ತು. ಸ್ಟ್ರಿಂಗಿನ ಉದ್ದ ಕೇಳಿದಾಗ ಒಂದು 8 ಎಂದಿತು, ಇನ್ನೊಂದು 10. ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಗೋ’. ಪಠ್ಯ ಬೇರೆ ಬೇರೆ ಉಪಕರಣಗಳಿಂದ ಬಂದಿದ್ದರೆ ಈ ಬೆರಕೆ ಸಹಜ, ಪಾರ್ಸರುಗಳು ಅದನ್ನು ಬಂದ ಹಾಗೆಯೇ ಪಟ್ಟಿಗೆ ಇಳಿಸುತ್ತವೆ. ಟ್ಯಾಗುಗಳೂ ಕನ್ನಡದಲ್ಲಿದ್ದು, ಅವು ಸಂಕೇತನಾಮಗಳಾಗಿ ಬರುವ ಅಚ್ಚನ್ನು ಆರಿಸಿದ್ದರೆ, ನೋಡಲು ಒಂದೇ ಆದ ಎರಡು ಬೇರೆ ಸಂಕೇತನಾಮಗಳು ಹುಟ್ಟಿಕೊಂಡು ಇನ್ನಷ್ಟು ಕಂಗೆಡಿಸುತ್ತವೆ.

ಆದ್ದರಿಂದ ಕಡತವನ್ನು ಪಾರ್ಸರಿಗೆ ಕೊಡುವ ಮುನ್ನವೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿ ಬರೆದ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ಯೂನಿಕೋಡ್ ರೂಪಕ್ಕೆ ತರುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಎಸ್‌ಬಿಸಿಎಲ್, ಗೈಲ್, ಇಮ್ಯಾಕ್ಸ್ ಮೂರರಲ್ಲಿಯೂ ಅದಕ್ಕೆ ಸಿದ್ಧ ಫಂಕ್ಷನ್ ಇದೆ. ‘ಕಾಸರ್‌ಗೋಡ್’ ಎಂಬಲ್ಲಿ ರಕಾರವನ್ನು ಬಿಡಿಸಿ ನಿಲ್ಲಿಸುವ ಕಾಣದ ಸಂಕೇತ ಮಾತ್ರ ಆ ಶುದ್ಧಿಗೂ ಸಿಗದೆ ಉಳಿಯುತ್ತದೆ. ಅದನ್ನು ಹೋಲಿಕೆಯ ಹೊತ್ತಿನಲ್ಲಿ ಕೈಯಾರೆ ತೆಗೆಯಬೇಕು, ಮುದ್ರಣಕ್ಕೆ ಕೊಡುವ ಪಠ್ಯದಿಂದ ತೆಗೆಯಬಾರದು. ತೆಗೆದರೆ ರಕಾರ ಅರ್ಕಾವೊತ್ತಾಗಿ ಗಕಾರದ ಬಲಕ್ಕೆ ಸರಿದು ಊರಿನ ಹೆಸರಿನ ರೂಪವೇ ಕೆಡುತ್ತದೆ.

ಮರಳಿ ಬರೆಯಬೇಕಾದರೆ

ಓದಿ ಬಿಡುವವರಿಗೆ ಇಷ್ಟು ಸಾಕು. ತಿದ್ದಿ ಅದೇ ಕಡತಕ್ಕೆ ಮರಳಿ ಬರೆಯುವವರು ಇನ್ನೊಂದನ್ನು ನೋಡಬೇಕು: ಪಾರ್ಸರು ಏನನ್ನು ಎಸೆಯುತ್ತದೆ? ನಮ್ಮ ಕಡತದಲ್ಲಿ ಊರೂರು ಸುತ್ತಿ ಹೆಸರು ಕೇಳಿ ಬಂದವರು ತಮ್ಮ ಸಂದೇಹಗಳನ್ನು ಕಮೆಂಟುಗಳಾಗಿ ಬರೆದಿದ್ದರು: ಈ ಹೆಸರು ತುಳುವಿನದೇ, ಹೊಳೆಯ ಆಚೆಯವರು ಹೀಗೆ ಹೇಳುತ್ತಾರೆಯೇ ಎಂಬಂಥವು. ಗೈಲ್‌ನ ಪಾರ್ಸರು ಕಮೆಂಟುಗಳನ್ನು ಬಿಟ್ಟುಬಿಡುತ್ತದೆ, ಇಮ್ಯಾಕ್ಸ್‌ನ ಹಳೆಯ ಪಾರ್ಸರೂ ಬಿಡುತ್ತದೆ, ರ‍್ಯಾಕೆಟ್‌ನಲ್ಲಿ ಅವು ಬೇಕೆಂದು ಮೊದಲೇ ಹೇಳಿಡಬೇಕು. ಇಮ್ಯಾಕ್ಸ್‌ನ ಲಿಬ್‌ಎಕ್ಸ್‌ಎಮ್‌ಎಲ್ ಪಾರ್ಸರು ಕಮೆಂಟನ್ನೂ ಒಂದು ಗಂಟಾಗಿ, ಟ್ಯಾಗಿನ ಜಾಗದಲ್ಲಿ ‘ಕಾಮೆಂಟ್’ ಎಂಬ ಸಂಕೇತನಾಮವಿಟ್ಟು, ಪಟ್ಟಿಯೊಳಗೇ ಕೂರಿಸುತ್ತದೆ. ಟ್ಯಾಗುಗಳ ನಡುವಿನ ಖಾಲಿ ಜಾಗವನ್ನು ಅದು ಎಸೆಯುತ್ತದೆ ನಿಜ, ಅದನ್ನು ಮತ್ತೆ ಹಾಕಿಕೊಳ್ಳಬಹುದು. ಹಾಗಾಗಿ ಪಟ್ಟಿಯನ್ನು ಮುದ್ರಣಕ್ಕೆ ಹೊಂದಿಸುವ ಕೆಲಸವನ್ನು ಕಾಮನ್ ಲಿಸ್ಪ್‌ನಲ್ಲಿ ಎಕ್ಸ್‌ಎಮ್‌ಎಲ್‌ಎಸ್ ಅಚ್ಚಿನಿಂದ ಮಾಡುತ್ತೇನೆ, ಮೂಲ ಕಡತವನ್ನು ತಿದ್ದುವ ಕೆಲಸವನ್ನು ಇಮ್ಯಾಕ್ಸ್‌ಗೆ ಬಿಟ್ಟಿದ್ದೇನೆ. ತುಳುವಿನದೇ ಎಂದು ಕೇಳಿದ ಆ ಕಮೆಂಟು ಇನ್ನೂ ತನ್ನ ಜಾಗದಲ್ಲಿಯೇ ಇದೆ, ಉತ್ತರ ಬರೆಯಬಲ್ಲವರು ಸಿಕ್ಕಿಲ್ಲ.